ಒಂದು ಗಿಂಡಿ, ಎರಡು ವಸ್ತ್ರ

ನಮ್ಮೂರಿನಲ್ಲಿ ಎಷ್ಟು ಈರುಳ್ಳಿ ಹೆಚ್ಚಿದರೂ ಕಣ್ಣು ಒಣಗಿಯೇ ಇರುತ್ತದೆ. ಅಳಬೇಕೆಂದರೆ ಊರಿನ ಭಂಡಾರಕ್ಕೆ ಹೋಗಬೇಕು. ಅಲ್ಲಿ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ಗಿಂಡಿಯಿದೆ. ಎರಡೂ ಕೈಯಿಂದ ಅದನ್ನು ಹಿಡಿದರೆ ಒಳಗಿದ್ದದ್ದು ಒಂದೊಂದಾಗಿ ಮೇಲೆದ್ದು ಬರುತ್ತದೆ, ಕಣ್ಣು ಹರಿಯುತ್ತದೆ. ಬಿಟ್ಟಾಗ ಎದ್ದದ್ದೆಲ್ಲ ಮತ್ತೆ ಒಳಗೆ ಹೋಗಿ ತನ್ನ ತನ್ನ ಜಾಗದಲ್ಲಿ ಕೂರುತ್ತದೆ, ಸ್ವಲ್ಪ ಹಗುರಾಗಿ. ನಾವು ಹುಟ್ಟುವ ಮೊದಲಿನಿಂದಲೂ ಹೀಗೆಯೇ ಇದೆ.

ಭಂಡಾರದಲ್ಲಿ ಇನ್ನೂ ಕೆಲವು ವಸ್ತುಗಳಿವೆ. ಜೋಗುಳ ಹಾಡಿಸುವ ಮರದ ಗಿಲಕಿ ಒಂದಿದೆ. ಇಡೀ ಊರಿಗೆ ಅದೊಂದೇ ಆದ್ದರಿಂದ ಮೇಲೋಣಿಯ ಕೂಸುಗಳು ಮಧ್ಯಾಹ್ನ ಮಲಗುತ್ತವೆ, ಕೆಳಗೋಣಿಯವು ಸಂಜೆಗೆ. ಹಾಗಾಗಿ ನಮ್ಮಲ್ಲಿ ಓಣಿ ಬಿಟ್ಟು ಓಣಿಗೆ ಮನೆ ಬದಲಿಸುವವರು ಕಡಿಮೆ. ಪ್ರತಿಯೊಂದು ವಸ್ತುವಿಗೂ ಬಾಗಿಲಿನ ಗೂಟದಲ್ಲಿ ಒಂದು ಕೆಂಪು ವಸ್ತ್ರ ನೇತಾಡುತ್ತಿರುತ್ತದೆ. ವಸ್ತ್ರ ಇದ್ದರೆ ವಸ್ತು ಬಿಡುವಾಗಿದೆ ಎಂದರ್ಥ. ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಬೇಕು, ಹೊರಗೆ ಬಂದವರು ಅದನ್ನು ಮತ್ತೆ ಗೂಟಕ್ಕೆ ಹಾಕಬೇಕು. ಗೂಟ ಖಾಲಿಯಿದ್ದರೆ ಹೊರಗಿನ ಕಲ್ಲುಬೆಂಚಿನ ಮೇಲೆ ಕಾಯಬೇಕು.

ಊರಿನ ಅರ್ಧ ಬದುಕು ಆ ಬೆಂಚಿನ ಮೇಲೆಯೇ ಕಳೆದಿದೆ. ಗಂಡನ ಮನೆಗೆ ಹೊರಟ ಮದುಮಗಳು ತನ್ನ ಪಾಳಿಗಾಗಿ ಕೂತಿರುತ್ತಾಳೆ. ಬೀಗರು ಗಾಡಿ ಹೂಡಿಕೊಂಡು ಬೀದಿಯಲ್ಲಿ ಗೊಣಗುತ್ತಿರುತ್ತಾರೆ. ನಪಾಸಾದ ಹುಡುಗರು, ಎಮ್ಮೆ ಮಾರಿದ ಹೆಂಗಸರು, ಎಲ್ಲರೂ ಅಲ್ಲೇ. ಚಿಕ್ಕಂದಿನಲ್ಲಿ ಅಲ್ಲಿ ನಡೆದ ಮಾತೊಂದು ನನಗೆ ನೆನಪಿದೆ.

"ಏನ್ ಕಾಕಾ, ಯಾರ ಸಂಬಂಧ?"

"ಎತ್ತಿನ ಸಂಬಂಧಪಾ. ನೀ?"

"ಅಳಿಯನ ಸಂಬಂಧ."

"ಅಯ್ಯ ಶಿವನ, ಹೋದನೇನು?"

"ಎಲ್ಲಿ ಹೋಗ್ತಾನ? ಬಂದಾನ. ಹೋಗವಲ್ಲ!"

ಬೆಂಚಿಗೆ ಬೆಂಚೇ ನಕ್ಕಿತ್ತು. ಎತ್ತು ಕಳೆದುಕೊಂಡವನೂ ನಕ್ಕಿದ್ದ. ಪಾಳಿ ಬಂದಾಗ, ಬ್ಯಾಡ ಬಿಡು, ನಾಳೆ ಬರ್ತೀನಿ ಎಂದು ಎದ್ದು ಹೋದ.

ನಾನು ಆ ಬೆಂಚಿನ ಮೇಲೆ ನಗುವವರ ಪೈಕಿಯವನಾಗಿರಲಿಲ್ಲ. ಕಾಯುವುದೆಂದರೆ ನನಗೆ ಸಿಟ್ಟು. ಮನೆಯಲ್ಲಿ ಇದ್ದವರು ಇಬ್ಬರೇ, ಅವ್ವ ಮತ್ತು ನಾನು. ಅವ್ವನ ಹೆಸರು ಸಾತವ್ವ. ಊರಿನವರಿಗೆಲ್ಲ ಶ್ಯಾವಿಗೆ ಹೊಸೆದು ಕೊಡುತ್ತಿದ್ದಳು. ಕಣಕದ ಎಳೆ ಅವಳ ಬೆರಳುಗಳ ನಡುವಿನಿಂದ ಇಳಿಯುವುದನ್ನು ನೋಡುತ್ತ ಪಕ್ಕದಲ್ಲಿ ಕೂತು ನಾನು ಓದಿದೆ, ಪದವೀಧರನಾದೆ, ಊರಿನ ಕಾಲೇಜಿನಲ್ಲೇ ಕಂಪ್ಯೂಟರ್ ಮಾಸ್ತರನಾದೆ. ನಾವು ಹೆಚ್ಚು ಮಾತಾಡಿದವರಲ್ಲ. ಮನೆಯಲ್ಲಿ ಮೌನ ಇನ್ನೊಬ್ಬ ಮಗನಂತೆ ಬೆಳೆದಿತ್ತು. ನಾಲ್ಕು ಜನರ ಮುಂದೆ ಅವಳು ನನ್ನನ್ನು ಎಲ್ಲರಂತೆ ಗುರುಸಿದ್ಧ ಎನ್ನುತ್ತಿದ್ದಳು. ಯಾರೂ ಇಲ್ಲದಾಗ ಮಾತ್ರ ಬೇರೊಂದು ಹೆಸರಿನಿಂದ ಕರೆಯುತ್ತಿದ್ದಳು. ಮಂದಿ ಕಿವಿಗೆ ಬಿದ್ದರೆ ದೃಷ್ಟಿಯಾಗುತ್ತದೆ ಎಂಬುದು ಅವಳ ಲೆಕ್ಕ. ಆ ಹೆಸರು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆಮೇಲೆ ಜ್ವರದ ವರ್ಷ ಬಂತು. ಬೆಂಚು ತುಂಬಿ, ಕಟ್ಟೆ ತುಂಬಿ, ಜನ ಬೀದಿಯ ತಿರುವಿನವರೆಗೆ ಒಣಗಣ್ಣಿನಲ್ಲಿ ಕೂತರು. ಭಂಡಾರ ನೋಡಿಕೊಳ್ಳುವ ಮಡಿವಾಳಯ್ಯಜ್ಜನಿಗೆ ಅದನ್ನು ನೋಡಲಾಗಲಿಲ್ಲ. ಗಿಂಡಿಯಿದ್ದ ಗೂಡಿನ ಹಿಂಭಾಗವನ್ನು ಒಡೆಸಿ ಹಿಂದಿನ ಕೋಣೆಗೂ ತೆರೆದ. ಹಿಂದಿನ ಬಾಗಿಲಿಗೆ ಹೊಸ ಗೂಟ ಹೊಡೆದು ಅಲ್ಲೊಂದು ಕೆಂಪು ವಸ್ತ್ರ ಹಾಕಿದ. ಮುಂದಿನಿಂದ ಒಬ್ಬರು ಅತ್ತು ಮುಗಿಸುವಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು ಸಿದ್ಧವಾಗಿ ಕೂತಿರಬೇಕು, ಒಂದು ಗಳಿಗೆಯೂ ವ್ಯರ್ಥವಾಗಬಾರದು ಎಂಬುದು ಅವನ ಆಲೋಚನೆ. ನಡುವಿನ ಪಡಸಾಲೆಯಲ್ಲಿ ನಿಂತು, "ಮುಂದಿನವರು ಹಿಡೀರಿ," "ಹಿಂದಿನವರು ಹಿಡೀರಿ," ಎಂದು ಕೂಗಿ ಹೇಳುತ್ತಿದ್ದ. ಜನ ಅವನನ್ನು ಹರಸಿದರು. ನಂತರ ಅವನಿಗೂ ಜ್ವರ ಬಂದು ಮಲಗಿದ. ಕೂಗುವ ದನಿ ನಿಂತಿತು. ಎರಡು ವಸ್ತ್ರಗಳು ಮಾತ್ರ ಎರಡು ಗೂಟಗಳಲ್ಲಿ ಉಳಿದವು.

ಅವ್ವ ತೀರಿಕೊಂಡ ಮರುದಿನ ನನ್ನ ಪಾಳಿ ಬಂತು. ಮುಂದಿನ ಗೂಟದಲ್ಲಿ ವಸ್ತ್ರ ಇತ್ತು. ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಗೂಡಿಗೆ ಕೈ ಚಾಚಿದೆ. ಒಳಗೆ ಕತ್ತಲು. ಗಿಂಡಿ ಯಾವಾಗಲೂ ತಣ್ಣಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಬೆಚ್ಚಗಿತ್ತು. ಬಿಸಿ ನೀರಿನ ಬೆಚ್ಚಗಲ್ಲ, ಮೈಯ ಬೆಚ್ಚಗೆ. ಅವ್ವನೇ ಆ ಕಡೆಯಿಂದ ಹಿಡಿದಿದ್ದಾಳೆ ಎಂದುಕೊಂಡೆ. ಆದ್ದರಿಂದ ಬೇಗ ಬಿಡಲಿಲ್ಲ. ನನ್ನ ಅಳುವಿನ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಮನೆಗೆ ಬಂದು ಒಲೆ ಹಚ್ಚಲು ಕೂತಾಗ ಗೊತ್ತಾಯಿತು, ನನ್ನೊಳಗೆ ಯಾರೋ ಇದ್ದರು. ಮೊಣಕೈವರೆಗೆ ಸುಣ್ಣ ಮೆತ್ತಿದ ಒಬ್ಬ ಗಂಡಸು. ಶೇಂಗಾ ಹುರಿದು ಅಂಗೈಯಲ್ಲಿ ಉಜ್ಜಿ, ಸಿಪ್ಪೆಯನ್ನು ಬೇಕೆಂದೇ ಹೆಂಡತಿಯ ತಲೆಯ ಮೇಲೆ ಹಾರುವಂತೆ ಊದುವವನು. ಮನೆಗೆ ಬರುವಾಗ ಓಣಿಯ ತುದಿಯಿಂದಲೇ ಸಿಳ್ಳೆ ಹಾಕುವವನು. ನಾನು ಅವನನ್ನು ಎಂದೂ ನೋಡಿದವನಲ್ಲ. ಆದರೂ ಸಂಜೆಯಾದರೆ ಆ ಸಿಳ್ಳೆಗಾಗಿ ನನ್ನ ಕಿವಿ ಕಾಯುತ್ತಿತ್ತು. ಅದು ಬರದಿದ್ದಾಗ ಅನ್ನ ಸೇರುತ್ತಿರಲಿಲ್ಲ. ಬ್ರಹ್ಮಚಾರಿಯಾದ ನಾನು ಗಂಡನನ್ನು ಕಳೆದುಕೊಂಡಿದ್ದೆ.

ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಅವ್ವನ ಮುಖ ನನ್ನಲ್ಲಿ ಇತ್ತು, ದನಿಯೂ ಇತ್ತು. ಅವಳ ಕೈ ಇರಲಿಲ್ಲ. ಆ ಹೆಸರೂ ಇರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಬಾಯಿ ತೆರೆಯುವವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ತೆರೆದ ಬಾಯಿಂದ ಏನು ಬರುತ್ತಿತ್ತು ಎಂಬುದು ಮಾತ್ರ ಹೋಗಿಬಿಟ್ಟಿತ್ತು. ಯಾರನ್ನು ಕೇಳಲಿ? ಗೊತ್ತಿದ್ದವರು ಇಬ್ಬರೇ, ಒಬ್ಬಳು ಮಣ್ಣಿನಲ್ಲಿದ್ದಳು.

ನಾನು ಯಾರಿಗೂ ಹೇಳಲಿಲ್ಲ. ಪಾಠ ಮಾಡಿದೆ, ಉತ್ತರಪತ್ರಿಕೆ ತಿದ್ದಿದೆ, ಸಂಬಳ ತಂದೆ. ಜ್ವರದ ವರ್ಷ ಹಳೆಯದಾಯಿತು. ಕಾಲೇಜಿನಿಂದ ಮನೆಗೆ ಬರಲು ನೇರ ದಾರಿಯಿದ್ದರೂ ನನ್ನ ಕಾಲುಗಳು ಹುಣಸೆಮರದ ಓಣಿಯನ್ನೇ ಹಿಡಿಯುತ್ತಿದ್ದವು. ಅಲ್ಲಿ ಒಂದು ಗಿಡ್ಡ ಗೋಡೆಯ ಆಚೆ ಒಬ್ಬ ಹೆಂಗಸು ದಿನಾ ಹೊತ್ತು ಮುಳುಗುವ ಹೊತ್ತಿಗೆ ತನ್ನ ಹೋತವನ್ನು ಕರೆಯುತ್ತಿದ್ದಳು. "ಚಿಗಳ್ಯಾ... ಬಾ, ಹೊತ್ತಾತು." ಎಳ್ಳು ಬೆಲ್ಲದ ಚಿಗಳಿ ಉಂಡೆಯಂತೆ ಕಪ್ಪಗೆ ಗುಂಡಗಿದ್ದ ಹೋತ. ಆ ಕರೆ ಬಿದ್ದಾಗ ನಾನು ನಿಲ್ಲುತ್ತಿದ್ದೆ. ಹೋತ ಒಳಗೆ ಹೋಗಿ ಬಾಗಿಲು ಹಾಕಿದ ಸದ್ದಾದ ಮೇಲೆ ನಡೆಯುತ್ತಿದ್ದೆ. ಸುಮ್ಮನೆ ನಿಲ್ಲುವುದು ನನ್ನ ಸ್ವಭಾವ ಎಂದುಕೊಂಡಿದ್ದೆ.

ಒಂದು ದಿನ ತರಗತಿಯಲ್ಲಿ ಥ್ರೆಡ್‌ಗಳ ಪಾಠ ಬಂತು. ಒಂದೇ ಪ್ರೋಗ್ರಾಮಿನೊಳಗೆ ಹಲವು ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಒಟ್ಟಿಗೆ ಓಡುತ್ತಿರುತ್ತವೆ, ಬೇರೆಯವರು ಬರೆದಿಟ್ಟ ಲೈಬ್ರರಿಯಿಂದ ತಂದ ಒಂದು ಆಬ್ಜೆಕ್ಟನ್ನು, ಅಂದರೆ ಒಂದು ವಸ್ತುವನ್ನು, ಎಲ್ಲವೂ ಹಂಚಿಕೊಳ್ಳುತ್ತವೆ ಎಂದು ವಿವರಿಸಿದೆ. ಲೈಬ್ರರಿ ಬರೆದವರು, ಇದನ್ನು ಒಟ್ಟಿಗೆ ಮುಟ್ಟಿದರೂ ನಡೆಯುತ್ತದೆ ಎಂದು ಹೇಳದಿದ್ದರೆ, ನಡೆಯುವುದಿಲ್ಲ ಎಂದೇ ತಿಳಿಯಬೇಕು. ಒಂದು ಥ್ರೆಡ್ ಅದರಲ್ಲಿ ಅರ್ಧ ಬರೆದಿರುವಾಗ ಇನ್ನೊಂದು ಬಂದು ಬರೆಯುತ್ತದೆ. ಆಮೇಲೆ ಅಲ್ಲಿರುವುದು ಇಬ್ಬರದೂ ಅಲ್ಲ. ಪ್ರೋಗ್ರಾಮ್ ನಿಲ್ಲುವುದಿಲ್ಲ, ತಪ್ಪು ಎಂದು ಯಾರೂ ಕೂಗುವುದಿಲ್ಲ, ಎಲ್ಲ ಸರಿಯಿರುವಂತೆಯೇ ಓಡುತ್ತಿರುತ್ತದೆ. ಅದಕ್ಕೇ ಬೀಗ ಬೇಕು: ಬೀಗ ಹಿಡಿದವರು ಮಾತ್ರ ಮುಟ್ಟಬೇಕು.

ಮುಂದಿನ ಬೆಂಚಿನ ಜೈಬುನ್ನಿಸಾ ಕೈ ಎತ್ತಿದಳು. "ಸರ್, ಒಂದು ಬೀಗಕ್ಕಿಂತ ಎರಡು ಬೀಗ ಇಟ್ರ ಇನ್ನೂ ಭದ್ರ ಅಲ್ಲೇನ್ರಿ?"

"ಇಲ್ಲಮ್ಮಾ," ಎಂದೆ. "ವಸ್ತು ಒಂದೇ ಇದ್ದು, ಅವರವರು ಬ್ಯಾರೆ ಬ್ಯಾರೆ ಬೀಗ ಹಿಡಕೊಂಡು ಬಂದ್ರ, ಇಬ್ಬರೂ ನೇಮ ಪಾಲಿಸಿದಂಗ ಆಗ್ತೈತಿ. ಇಬ್ಬರೂ ಒಳಗ ಬರ್ತಾರ. ಎರಡು ಬೀಗ ಅಂದ್ರ ಒಂದೂ ಇಲ್ಲ..."

ಮಾತು ಅಲ್ಲೇ ನಿಂತಿತು. ಸುಣ್ಣದ ಕಡ್ಡಿ ಕೈಯಲ್ಲೇ ಇತ್ತು. ಹಿಂದಿನ ಸಾಲಿನಿಂದ, "ಸರ್ ಹ್ಯಾಂಗ್ ಆದ್ರು," ಎಂದು ಯಾರೋ ಪಿಸುಗುಟ್ಟಿದರು. ಹುಡುಗರು ನಕ್ಕರು. ನಾನು ಕಡ್ಡಿ ಇಟ್ಟು ಹೊರಗೆ ಬಂದೆ.

ಮಡಿವಾಳಯ್ಯಜ್ಜ ಭಂಡಾರದ ಅಂಗಳದಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಒಂದೇ ಕೈಯಿಂದ ಗಿಂಡಿ ತಿಕ್ಕುತ್ತಿದ್ದ. ಅವನ ಹಿಂದೆ, ಮುಂದಿನ ಬಾಗಿಲ ಗೂಟದಲ್ಲೊಂದು, ತೆರೆದ ಪಡಸಾಲೆಯಾಚೆ ಹಿಂದಿನ ಬಾಗಿಲ ಗೂಟದಲ್ಲೊಂದು, ಎರಡು ವಸ್ತ್ರಗಳು ಗಾಳಿಗೆ ಅಲುಗುತ್ತಿದ್ದವು. ಜ್ವರ ಹೋದ ಮೇಲೆ ಹಿಂದಿನದನ್ನು ತೆಗೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೇಗೂ ಇಬ್ಬರು ಒಟ್ಟಿಗೆ ಬರುವುದು ಅಪರೂಪವಾಗಿತ್ತು.

"ಅಜ್ಜಾ, ಗಿಂಡಿ ಒಂದ. ವಸ್ತ್ರ ಎರಡು ಯಾಕ?"

"ಮಂದಿಗೆ ಅನುಕೂಲ ಆಗಲಿ ಅಂತ, ಮಾಸ್ತರ."

"ನೀ ಮಲಗಿದಾಗ ಯಾರು ಕೂಗಿ ಹೇಳ್ತಿದ್ರು?"

ತಿಕ್ಕುವ ಕೈ ನಿಂತಿತು. ಅವನು ಮೊದಲು ಒಂದು ಗೂಟವನ್ನು ನೋಡಿದ, ಆಮೇಲೆ ಇನ್ನೊಂದನ್ನು. ನಾನೇ ಮುಂದೆ ಕೇಳಿದೆ: "ನಮ್ಮವ್ವ ಹೋದ ಮರುದಿನ ಹಿಂದಿನ ಬಾಗಲದಿಂದ ಯಾರು ಬಂದಿದ್ರು? ಮೊಣಕೈ ಮಟ ಸುಣ್ಣ ಇರೂ ಗಂಡಸಿನ ಮನಿಯವರು."

"ನಾ ಹಿಂದಿನ ಕಟ್ಟಿ ಮ್ಯಾಲೆ ಜ್ವರದಾಗ ಬಿದ್ದಿದ್ದೆ. ಕಂಡದ್ದು ಖರೇನೋ ಕನಸೋ. ಸುಣ್ಣದ ಮಾರುತೆಪ್ಪನ ಹೇಣ್ತಿ ಫಕೀರವ್ವ, ವಸ್ತ್ರ ಹೆಗಲಿಗೆ ಹಾಕ್ಕೊಂಡು ನನ್ನ ದಾಟಿ ಹೋದಳು. ಹುಣಸಿಮರದ ಓಣಿಯಾಕಿ." ಅವನ ದನಿ ಇಳಿಯಿತು. "ನೀವಿಬ್ಬರೂ ನೇಮ ತಪ್ಪಿಲ್ಲಪಾ. ನೇಮನ ಎರಡಾಗಿತ್ತು. ಇಬ್ಬರೂ ಒಮ್ಮೆಲೆ ಹಿಡದೀರಿ, ಎದ್ದದ್ದು ಅದಲಿಬದಲಿ ಆಗಿ ಕುಂತೈತಿ."

"ಇಬ್ಬರೂ ಮತ್ತೊಮ್ಮೆ ಕೂಡಿ ಹಿಡದ್ರ?"

"ಬಂದ್ರ ಬರಬಹುದು. ಇದ್ದದ್ದೂ ಹೋದ್ರ ಹೋಗಬಹುದು. ನಾದಿದ ಹಿಟ್ಟಿನಾಗಿಂದ ಉಪ್ಪು ಆರಿಸಿದವರನ್ನ ನಾ ನೋಡಿಲ್ಲ."

ಫಕೀರವ್ವನ ಮನೆ ಯಾವುದೆಂದು ಓಣಿಯ ಬಾಯಲ್ಲಿ ಕೇಳಿದೆ. ಆ ಗಿಡ್ಡ ಗೋಡೆಯನ್ನೇ ತೋರಿಸಿದರು. ಇಷ್ಟು ದಿನ ನಾನು ಅದರ ಈಚೆ ನಿಂತಿದ್ದೆ.

ನಡುವಯಸ್ಸಿನ ಗಟ್ಟಿ ಹೆಂಗಸು. ಹೊಸಿಲ ಮೇಲೆ ಕೂತು ಹೋತಕ್ಕೆ ಸೊಪ್ಪು ಕಟ್ಟುತ್ತಿದ್ದಳು. "ಕಾಲೇಜ ಮಾಸ್ತರಲ್ಲ ನೀ? ಯಾಕಪಾ, ನನ್ನ ಹೋತ ನಿನ್ನ ಪುಸ್ತಕ ಏನರ ತಿಂತೇನು?"

"ಇಲ್ಲಕ್ಕಾ." ಬೇರೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. "ಮಾರುತೆಪ್ಪಣ್ಣ ಶೇಂಗಾ ಸಿಪ್ಪಿ ಊದಿ ನಿನ್ನ ತಲಿ ಮ್ಯಾಲೆ ಹಾರಸ್ತಿದ್ರಲ್ಲ..."

ಅವಳ ಕೈಯಿಂದ ಸೊಪ್ಪು ಜಾರಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಬರಬಹುದೆಂದು ಹೆದರಿದ್ದೆ. ಬರಲಿಲ್ಲ.

"ಓ," ಎಂದಳು. "ಆ ಕಡೆ ಇದ್ದಾಂವ ನೀ ಏನು. ಯಾರರ ಬರ್ತಾರ, ಬರ್ತಾರ ಅಂತ ದಾರಿ ಕಾಯ್ತಿದ್ದೆ. ಎಷ್ಟು ತಡಾ ಮಾಡಿದಿ ತಮ್ಮಾ."

ಒಳಗೆ ಕರೆದು ಕೂರಿಸಿದಳು. ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. "ನಾ ಜನ್ಮದಾಗ ಶ್ಯಾವಿಗಿ ಹೊಸದಾಕಿ ಅಲ್ಲ. ಈಗ ಕುಂತಲ್ಲೆ ನಿಂತಲ್ಲೆ ಬೆರಳು ತಾವ ಹೊಸೀತಾವ. ಎರಡು ಕೈ ಕಾಣ್ತಾವ, ಮುಖ ಇಲ್ಲ. ಒಂದು ಕೂಸಿನ ತಲಿ ಮ್ಯಾಲೆ ಬಿಸಿಲಿಗೆ ಸೆರಗು ಹಿಡದಿರ್ತಾವ. ಯಾರವು ಈ ಕೈ?"

"ನಮ್ಮವ್ವನವು. ಸಾತವ್ವ."

"ಶ್ಯಾವಿಗಿ ಸಾತವ್ವ! ಆಕಿ ಕಡಿಂದ ನಾನ ಎಷ್ಟು ಸಲ ಒಯ್ದೀನಿ." ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನೂ ನೋಡಿದೆ. ಮುಟ್ಟಬೇಕೆನ್ನಿಸಿತು, ಮುಟ್ಟಲಿಲ್ಲ.

"ಅಕ್ಕಾ, ಆ ಕೈಯಾಕಿ ಆ ಕೂಸಿಗೆ ಏನಂತ ಕರೀತಿದ್ದಳು? ಅದೊಂದು ಹೇಳು. ನನಗ ಮತ್ತೇನೂ ಬ್ಯಾಡ."

ಅವಳು ಕಣ್ಣು ಮುಚ್ಚಿದಳು. ಹುಬ್ಬು ಗಂಟಾಯಿತು. ಹೊರಗೆ ಹೋತ ಗೋಡೆಗೆ ಕೊಂಬು ತಿಕ್ಕುವ ಸದ್ದು ಕೇಳುತ್ತಿತ್ತು. "ಕೈ ಕಾಣ್ತಾವ... ಹೆಸರು ಸಿಗವಲ್ದು ತಮ್ಮಾ. ನನ್ನ ಕಡೆ ಇಲ್ಲ ಅನಸ್ತೈತಿ." ನನ್ನ ಮುಖ ನೋಡಿ, "ಸುಳ್ಳ ಹೇಳಲಿ ಏನು ಮತ್ತ?" ಎಂದಳು.

ಬೇಡ ಎಂದು ತಲೆಯಾಡಿಸಿದೆ. ಆಮೇಲೆ ನನ್ನಲ್ಲಿದ್ದ ಅವಳ ಗಂಡನನ್ನು ಒಂದೊಂದಾಗಿ ತೆಗೆದು ಅವಳ ಮುಂದಿಟ್ಟೆ: ಮೊಣಕೈಯ ಸುಣ್ಣ, ಶೇಂಗಾ, ಓಣಿ ತುದಿಯ ಸಿಳ್ಳೆ, ಹಬ್ಬಕ್ಕೆ ತನ್ನ ಓಣಿಯ ಮನೆಗಳಿಗೆಲ್ಲ ಬಳಿದು ತನ್ನ ಮನೆಯ ಗೋಡೆಗೇ ಸುಣ್ಣ ಉಳಿಯದೆ ಬೈಸಿಕೊಂಡದ್ದು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೌದು ಹೌದು, ಹಂಗಽ ಇದ್ದ ಭಾಡ್ಯಾ. ಇನ್ನ?"

"ಇಷ್ಟ ಅಕ್ಕಾ."

ನಗು ನಿಂತಿತು. "ಸುಳ್ಳ ಹೇಳಬ್ಯಾಡ. ಅಂವ ಹೋದ ಮಧ್ಯಾಹ್ನ ನನ್ನ ಕಡೆ ಇಲ್ಲ. ಮುಂಜಾನಿ ಐತಿ. ಮಂದಿ ನೆರದದ್ದು ಐತಿ. ನಡುವ ಒಂದು ಗ್ವಾಡಿ ಐತಿ. ಅವತ್ತಿನಿಂದ ಎಷ್ಟು ಸಲ ಭಂಡಾರಕ್ಕ ಹೋದ್ರೂ ಆ ಗ್ವಾಡಿ ಮಟ ಬಂದು ಅಳು ನಿಂತಬಿಡ್ತೈತಿ. ಫಕೀರವ್ವ ಗಂಡನ ಸಂಬಂಧ ಸರಿಯಾಗಿ ಅತ್ತಽ ಇಲ್ಲ ಅಂತ ಮಂದಿ ಆಡಕೋತಾರ. ಏನಂತ ಅಳ್ಲಿ? ಗ್ವಾಡಿ ಆಚೆ ಏನೈತಿ ಅಂತ ಗೊತ್ತಿಲ್ಲದ?"

ಅದು ನನ್ನಲ್ಲಿತ್ತು. ಅದನ್ನು ಯಾರಿಗೂ ಕೊಡಬಾರದು ಎಂದು ನಾನು ಎಂದೋ ತೀರ್ಮಾನಿಸಿದ್ದೆ. ಯಾರೆಂದು ಗೊತ್ತಿಲ್ಲದ ಆ ಹೆಂಗಸು ಅದಿಲ್ಲದೆ ಸುಖವಾಗಿರಲಿ, ಅವಳ ಬದಲು ನಾನು ಹೊತ್ತಿರುತ್ತೇನೆ ಎಂದುಕೊಂಡಿದ್ದೆ. ಹೇಳದೆ ಇರುವುದು ದೊಡ್ಡ ಕರುಣೆ ಎಂದು ಮಾತು ಬಾರದವರು ನಂಬುವುದು ಸುಲಭ.

"ಅದನ್ನ ಇಟಗೊಂಡು ನೀ ಏನ ಮಾಡಾಂವ?" ಅವಳ ದನಿಯಲ್ಲಿ ಗದರಿಕೆಯಿತ್ತು, ಬೇಡಿಕೆಯೂ ಇತ್ತು. "ಅಂವ ನಿನ್ನ ಗಂಡ ಅಲ್ಲ. ಕೆಟ್ಟದ್ದಿದ್ರೂ ನಂದದು. ಕೊಡು."

ಕೊಟ್ಟೆ. "ನೀ ರಾತ್ರಿಯೆಲ್ಲ ಎಚ್ಚರ ಇದ್ದಿ ಅಕ್ಕಾ. ಮಧ್ಯಾಹ್ನ ಗ್ವಾಡಿಗೆ ಆನಿಕೊಂಡಿ. ಅವರು ನೀರು ಅಂದ್ರು. ನಿನಗ ಕೇಳಿಸ್ತು. 'ಎದ್ದೆ, ನೀರು ತಂದೆ' ಅಂದಿ. ಅನ್ನಕೋತನ ಕಣ್ಣು ಹತ್ತಿತು. ಎಚ್ಚರಾಗೂದ್ರಾಗ..."

"ನೀರು ಕುಡೀಲಾರದ ಹೋದ."

"ಹೂಂ."

ಗಿಂಡಿಯಿಲ್ಲದೆ ಅಳುವುದು ನಮಗೆ ಆಗದು. ಅವಳು ಒಣಗಣ್ಣಿನಲ್ಲಿ ಎದುರಿನ ಗೋಡೆಯನ್ನು ನೋಡುತ್ತ ಕೂತಳು. ನಂತರ ನಿಧಾನ ಎದ್ದು, ಮೂಲೆಯ ಕೊಡದಿಂದ ತಂಬಿಗೆಯ ತುಂಬ ನೀರು ತಂದು ನನ್ನ ಮುಂದೆ ಹಿಡಿದಳು. "ಕುಡಿ," ಎಂದಳು. ಬಾಯಾರಿಕೆ ಇರಲಿಲ್ಲ. ತಂಬಿಗೆ ಖಾಲಿಯಾಗುವವರೆಗೂ ಕುಡಿದೆ. ಅವಳು ನಿಂತೇ ಇದ್ದಳು, ಕೊನೆಯ ಗುಟುಕು ಗಂಟಲಿಳಿಯುವವರೆಗೆ.

ಹೊತ್ತು ಮುಳುಗುತ್ತಿತ್ತು. ಹೋಗಿಬರುತ್ತೇನೆ ಎಂದು ಹೇಳಿ ಹೊರಬಿದ್ದೆ. ಅವಳದನ್ನು ಅವಳಿಗೆ ಮುಟ್ಟಿಸಿದ ಸಮಾಧಾನ ಒಂದಿಷ್ಟು ಇತ್ತು. ನನ್ನದು ಇನ್ನೆಲ್ಲೂ ಸಿಗುವುದಿಲ್ಲ ಎಂಬುದು ಖಚಿತವಾಗಿತ್ತು. ಗೋಡೆ ದಾಟಿ ಓಣಿಗೆ ಬಂದಿದ್ದೆ. ಹಿಂದಿನಿಂದ ಅವಳು ದಿನದಂತೆ ಕರೆದಳು:

"ಚಿಗಳ್ಯಾ... ಬಾ, ಹೊತ್ತಾತು."

ದಿನದಂತೆ ನಿಂತೆ. ಆದರೆ ಅವತ್ತು ಅವಳ ಕೈ ಯಾರ ಕೈ ಎಂದು ನನಗೆ ಗೊತ್ತಿತ್ತು. ನನ್ನೊಳಗೆ ಅವ್ವ ಬಾಗಿಲಲ್ಲಿ ನಿಂತಿದ್ದಳು, ಬಾಯಿ ತೆರೆದಿದ್ದಳು. ಆ ಬಾಯಿಗೆ ಈ ಕರೆ ಬಂದು ಕೂತಿತು.

"ಬಂದೆ," ಎಂದೆ.

ಹೋತ ನನ್ನನ್ನು ದಾಟಿ ಒಳಗೆ ಓಡಿತು. ಫಕೀರವ್ವ ಹಗ್ಗ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಮೊದಲು ಹೋತವನ್ನು ನೋಡಿದಳು, ಆಮೇಲೆ ನನ್ನನ್ನು.

"ಅಯ್ಯ ನನ್ನವ್ವ," ಎಂದಳು ಮೆಲ್ಲಗೆ. "ಜ್ವರದ ವರ್ಷಾನ ಹುಟ್ಟಿದ ಮರಿ ಇದು. ಆ ಹೆಸರು ನನ್ನ ಬಾಯಿಗೆ ಎಲ್ಲಿಂದ ಬಂತು ಅಂತ ನಾ ಒಂದಿನಾನೂ ಕೇಳ್ಕೊಂಡಿಲ್ಲ. ಹೆಸರು ಅಂತ ನೀ ಕೇಳಿದಿ, ನಾ ಮನಷ್ಯಾರ ಹೆಸರು ಹುಡಕಿದೆ."

ಓಣಿಯಲ್ಲಿ ಯಾರೂ ಇಲ್ಲವಷ್ಟೆ ಎಂದು ಆ ಕಡೆ ಈ ಕಡೆ ನೋಡಿದಳು. ಆಮೇಲೆ ಇನ್ನೊಮ್ಮೆ ಕರೆದಳು, ಹೋತದ ಕಡೆ ನೋಡದೆ.

ಮರುದಿನ ಇಬ್ಬರೂ ಭಂಡಾರಕ್ಕೆ ಹೋದೆವು. ಮನೆಯಲ್ಲಿ ಬಿಟ್ಟರೆ ಬಾಳೆಗಿಡ ತಿನ್ನುತ್ತದೆ ಎಂದು ಅವಳು ಹೋತವನ್ನೂ ಹೊಡೆದುಕೊಂಡು ಬಂದಿದ್ದಳು. ಮಡಿವಾಳಯ್ಯಜ್ಜ ಹಿಂದಿನ ಗೂಟ ಕಿತ್ತು, ಗೂಡಿನ ಹಿಂಭಾಗಕ್ಕೆ ಹಸಿ ಮಣ್ಣು ಮೆತ್ತುತ್ತಿದ್ದ. ಮುಂದಿನ ಬಾಗಿಲಲ್ಲಿ ಒಂದೇ ವಸ್ತ್ರ ಇತ್ತು.

"ಕೂಡಿ ಹಿಡದು ನೋಡ್ತೀರೇನು?" ಎಂದು ಅಜ್ಜ ಕೇಳಿದ, ನಮ್ಮ ಮುಖ ನೋಡಲಾರದೆ.

"ಬ್ಯಾಡಜ್ಜಾ," ಎಂದಳು ಫಕೀರವ್ವ. "ಸಿಕ್ಕದ್ದು ಮತ್ತ ಕಳಕೊಳ್ಳೂದು ಬ್ಯಾಡ." ನನ್ನ ಕಡೆ ತಿರುಗಿದಳು. "ನೀ ಮೊದಲ ಹೋಗು ತಮ್ಮಾ."

"ನೀ ಹೋಗಕ್ಕಾ. ನಾ ಕಾಯ್ತೀನಿ."

ಅವಳು ಹಗ್ಗ ನನ್ನ ಕೈಗೆ ಕೊಟ್ಟು, ವಸ್ತ್ರ ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ನಾನು ಕಲ್ಲುಬೆಂಚಿನ ಮೇಲೆ ಕೂತೆ. ತುಸು ಹೊತ್ತಿನ ಮೇಲೆ ಒಳಗಿನಿಂದ ಅವಳ ಅಳು ಕೇಳಿಸಿತು. ಮೊದಲು ಸಣ್ಣಗೆ, ನಂತರ ಒಡ್ಡು ಒಡೆದಂತೆ. "ನೀರು ತಂದೆ, ತಂದೆ, ತಗೋ," ಎನ್ನುತ್ತಿದ್ದಳು. ಬೀದಿಯಲ್ಲಿ ಹೋಗುವವರು ನಿಂತು ಕೇಳಿ ಮುಂದೆ ಹೋದರು. ನೆರಳು ಬೆಂಚಿನಿಂದ ಜಾರಿ ಕಟ್ಟೆಗೆ ಹೋಯಿತು. ನನಗೆ ಸಿಟ್ಟು ಬರಲಿಲ್ಲ. ಎಷ್ಟು ಹೊತ್ತಾದರೂ ಅಳಲಿ ಎಂದು ಹೋತದ ಕಿವಿ ನೇವರಿಸುತ್ತ ಕೂತೆ.

ಹೊರಗೆ ಬಂದಾಗ ಅವಳ ಮುಖ ಊದಿತ್ತು, ವಸ್ತ್ರ ಒದ್ದೆಯಾಗಿತ್ತು. ಗೂಟಕ್ಕೆ ಹಾಕಿ, ಹಗ್ಗ ತೆಗೆದುಕೊಂಡಳು. "ಇನ್ನ ಮ್ಯಾಲೆ ಇದನ್ನ ಏನಂತ ಕರೀಲಿ?"

"ಅದ ಇರಲಿ ಅಕ್ಕಾ. ದಿನಾ ಸಂಜಿಗೆ ಕರಿ."

ಒದ್ದೆ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದೆ. ಕತ್ತಲಲ್ಲಿ ಕೈ ಚಾಚಿದೆ. ಗೂಡಿನ ಹಿಂದೆ ಹಸಿ ಮಣ್ಣಿನ ವಾಸನೆ. ಹೊರಗೆ ಮಾತಾಡುತ್ತ ನಿಂತಷ್ಟರಲ್ಲಿ ಗಿಂಡಿ ಆರಿತ್ತು. ಎಲ್ಲರೂ ಹೇಳುವಂತೆ ತಣ್ಣಗಿತ್ತು. ಆ ಕಡೆ ಯಾರೂ ಇರಲಿಲ್ಲ. ಅಂದಿನ ಬೆಚ್ಚಗಿನ ಸ್ಪರ್ಶದ ಆಸೆ ನನಗೆ ಆಗಲೂ ಇತ್ತೆಂಬುದು ಸುಳ್ಳಲ್ಲ. ಆದರೂ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಹಿತ್ತಾಳೆ ನನ್ನ ಕೈಯ ಶಾಖಕ್ಕೇ ನಿಧಾನವಾಗಿ ಕಾಯತೊಡಗಿತು.

ಹೊರಗೆ ಹೋತ ಹಗ್ಗ ಎಳೆದಿರಬೇಕು.

"ಚಿಗಳ್ಯಾ," ಎಂದು ಅವ್ವ ನನ್ನನ್ನು ಕರೆಯುತ್ತಿದ್ದ ಹೆಸರಿನಲ್ಲಿ ಫಕೀರವ್ವ ಗದರಿದಳು. "ಎಲ್ಲಿಗೂ ಹೋಗಬ್ಯಾಡ. ಇಲ್ಲೇ ಅದೀನಿ."